ಸ್ಲ್ಯಾಪ್ ಶಾಟ್ (ಚಲನಚಿತ್ರ)

ಸ್ಲ್ಯಾಪ್ ಶಾಟ್ 1977ರ ಫೆಬ್ರವರಿಯಲ್ಲಿ ತೆರೆಕಂಡ ಅಮೆರಿಕದ ಹಾಸ್ಯ ಚಲನಚಿತ್ರ. ಐಸ್ ಹಾಕಿ ಆಟವೇ ಇದರ ವಸ್ತು. ಜಾರ್ಜ್ ರಾಯ್ ಹಿಲ್ ನಿರ್ದೇಶಿಸಿದ ಈ ಚಿತ್ರಕ್ಕೆ ನ್ಯಾನ್ಸಿ ಡೌಡ್ ಚಿತ್ರಕಥೆ ಬರೆದಿದ್ದಾರೆ. ಪಾಲ್ ನ್ಯೂಮನ್ ಮುಖ್ಯ ಪಾತ್ರದಲ್ಲಿ ನಟಿಸಿದ್ದಾರೆ. ಯೂನಿವರ್ಸಲ್ ಸಂಸ್ಥೆ ಬಿಡುಗಡೆ ಮಾಡಿದ ಈ ಚಿತ್ರ ಬೈಗುಳ, ಹೊಡೆದಾಟ ಹಾಗೂ ಒರಟು ಹಾಸ್ಯಕ್ಕೆ ಹೆಸರಾಗಿದೆ. ಬಿಡುಗಡೆಯ ಕಾಲದಲ್ಲಿ ವಿಮರ್ಶಕರ ನಡುವೆ ಭಿನ್ನಾಭಿಪ್ರಾಯಕ್ಕೆ ಕಾರಣವಾದ ಈ ಚಿತ್ರವನ್ನು ಮುಂದಿನ ದಶಕಗಳಲ್ಲಿ ಪ್ರೇಕ್ಷಕರು, ಅದರಲ್ಲೂ ಹಾಕಿ ಆಟಗಾರರು, ತಮ್ಮದನ್ನಾಗಿ ಮಾಡಿಕೊಂಡರು.

ಕನ್ನಡದ ಓದುಗರಿಗೆ ಹಾಕಿ ಎಂದೊಡನೆ ನೆನಪಾಗುವುದು ಕೊಡಗಿನ ಮೈದಾನಗಳ ಹಾಕಿ. ಚಿತ್ರದಲ್ಲಿರುವುದು ಅದಲ್ಲ. ಐಸ್ ಹಾಕಿಯನ್ನು ಮಂಜುಗಡ್ಡೆಯ ಅಂಕಣದಲ್ಲಿ, ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ತಂಡಕ್ಕೆ ಆರು ಮಂದಿಯಂತೆ ಆಡುತ್ತಾರೆ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಕೋಲನ್ನು ಹಿಂದಕ್ಕೆ ಎತ್ತಿ ಬೀಸಿ ಪಕ್ಕನ್ನು ಬಲವಾಗಿ ಹೊಡೆಯುವುದಕ್ಕೆ ಸ್ಲ್ಯಾಪ್ ಶಾಟ್ ಎನ್ನುತ್ತಾರೆ. ಎದುರಾಳಿಗೆ ಮೈ ತಾಗಿಸಿ ತಡೆಯುವುದು ಈ ಆಟದಲ್ಲಿ ನಿಯಮಬದ್ಧ. ಮುಷ್ಟಿಯುದ್ಧ ನಿಯಮಬಾಹಿರವೇ ಆದರೂ ಉತ್ತರ ಅಮೆರಿಕದ ವೃತ್ತಿಪರ ಆಟದಲ್ಲಿ ಅದಕ್ಕೆ ಸಿಗುವ ಮಾಮೂಲಿ ಶಿಕ್ಷೆ ಐದು ನಿಮಿಷ ಅಂಕಣದ ಹೊರಗೆ ಕೂರುವುದು. ಈ ಹಿನ್ನೆಲೆ ತಿಳಿಯದಿದ್ದರೆ ಚಿತ್ರದ ಅರ್ಧ ಹಾಸ್ಯ ಕೈತಪ್ಪುತ್ತದೆ. ಅದನ್ನು ಅರಿತೇ ಇರಬೇಕು, ಚಿತ್ರದ ಮೊದಲ ದೃಶ್ಯದಲ್ಲಿ ಗೋಲ್‌ಕೀಪರ್ ಡೆನಿಸ್ ಲೆಮ್ಯೂ ತನ್ನ ಫ್ರೆಂಚ್ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಟಿ.ವಿ. ವೀಕ್ಷಕರಿಗೆ ಶಿಕ್ಷೆಯ ನಿಯಮಗಳನ್ನು ವಿವರಿಸುತ್ತಾನೆ. ತಪ್ಪು ಮಾಡಿದವನು ಪೆಟ್ಟಿಗೆಯಲ್ಲಿ ಒಬ್ಬನೇ ಕೂತು ನಾಚಿಕೆಪಟ್ಟುಕೊಂಡು ಮತ್ತೆ ಹೊರಬರುತ್ತಾನೆ ಎಂಬ ಅವನ ವಿವರಣೆ ಅಭಿಮಾನಿಗಳ ಬಾಯಲ್ಲಿ ಇಂದಿಗೂ ಉಳಿದಿದೆ.

ಹಿನ್ನೆಲೆ

ಚಿತ್ರಕಥೆಗಾರ್ತಿಯ ಸಹೋದರ ನೆಡ್ ಡೌಡ್ 1970ರ ದಶಕದ ಮಧ್ಯದಲ್ಲಿ ಪೆನ್ಸಿಲ್ವೇನಿಯ ರಾಜ್ಯದ ಜಾನ್ಸ್‌ಟೌನ್ ಜೆಟ್ಸ್ ತಂಡದ ಆಟಗಾರರಾಗಿದ್ದರು. ಅದು ನಾರ್ತ್ ಅಮೆರಿಕನ್ ಹಾಕಿ ಲೀಗ್ ಎಂಬ ಕೆಳಹಂತದ ವೃತ್ತಿಪರ ಲೀಗಿಗೆ ಸೇರಿದ ತಂಡ. ಸಂಬಳ ಕಡಿಮೆ, ಪ್ರಯಾಣವೆಲ್ಲ ಬಸ್ಸಿನಲ್ಲಿ, ನಾಳೆಯ ಭರವಸೆಯಿಲ್ಲ. ತಂಡವನ್ನು ಮಾರುತ್ತಾರಂತೆ ಎಂಬ ಸುದ್ದಿಯನ್ನು ಸಹೋದರನಿಂದ ಕೇಳಿದ ನ್ಯಾನ್ಸಿ ಜಾನ್ಸ್‌ಟೌನಿಗೆ ಹೋಗಿ ನೆಲೆಸಿ ಚಿತ್ರಕಥೆ ಬರೆದರು. ನೆಡ್ ಧ್ವನಿಮುದ್ರಕವನ್ನು ಇಟ್ಟುಕೊಂಡು ಬಸ್ಸಿನಲ್ಲೂ ಉಡುಪು ಬದಲಿಸುವ ಕೋಣೆಯಲ್ಲೂ ಆಟಗಾರರ ಮಾತುಗಳನ್ನು ಹಿಡಿದುಕೊಟ್ಟರು. ಚಿತ್ರದ ಭಾಷೆಯ ಒರಟುತನಕ್ಕೆ ಮೂಲ ಅದೇ. ಇಷ್ಟೊಂದು ಬೈಗುಳಗಳನ್ನು ಒಬ್ಬ ಮಹಿಳೆ ಬರೆದರೇ ಎಂದು ಆ ಕಾಲದ ಹಲವರು ಹುಬ್ಬೇರಿಸಿದ್ದುಂಟು. ಅವರು ಬರೆದದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು ಎಂಬುದನ್ನು ಹುಬ್ಬೇರಿಸಿದವರು ಗಮನಿಸಲಿಲ್ಲ. ಕಮಿಂಗ್ ಹೋಮ್ (1978) ಚಿತ್ರಕ್ಕಾಗಿ ನ್ಯಾನ್ಸಿ ಡೌಡ್ ಮುಂದೆ ಆಸ್ಕರ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಹಿಲ್ ಮತ್ತು ನ್ಯೂಮನ್ ಅವರಿಗೆ ಇದು ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡ್ಯಾನ್ಸ್ ಕಿಡ್ (1969) ಹಾಗೂ ದ ಸ್ಟಿಂಗ್ (1973) ನಂತರದ ಮೂರನೆಯ ಚಿತ್ರ. ಚಿತ್ರೀಕರಣದ ಬಹುಭಾಗ ಜಾನ್ಸ್‌ಟೌನಿನಲ್ಲಿ, ಅಲ್ಲಿನ ಕ್ಯಾಂಬ್ರಿಯಾ ಕೌಂಟಿ ವಾರ್ ಮೆಮೋರಿಯಲ್ ಅರೇನಾದಲ್ಲಿ ನಡೆಯಿತು. ಆಟಗಾರರ ಪಾತ್ರಗಳಿಗೆ ಆಡಬಲ್ಲವರನ್ನೇ ಹುಡುಕಲಾಯಿತು. ನೆಡ್ ಬ್ರೇಡನ್ ಪಾತ್ರದ ಮೈಕಲ್ ಆಂಟ್‌ಕೀನ್ ಕಾಲೇಜು ದಿನಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯಕ್ಕೆ ಆಡಿದ್ದವರು. ಐವತ್ತು ದಾಟಿದ್ದ ನ್ಯೂಮನ್ ಕೂಡ ಹಲವು ದೃಶ್ಯಗಳಲ್ಲಿ ತಾವೇ ಸ್ಕೇಟ್ ಮಾಡಿದರು.

ಚಿತ್ರದ ಅತ್ಯಂತ ಜನಪ್ರಿಯ ಪಾತ್ರಗಳಾದ ಹ್ಯಾನ್ಸನ್ ಸಹೋದರರಿಗೂ ಮೂಲವಿದೆ. ಜಾನ್ಸ್‌ಟೌನ್ ಜೆಟ್ಸ್ ತಂಡದಲ್ಲಿ ಜೆಫ್, ಸ್ಟೀವ್, ಜ್ಯಾಕ್ ಎಂಬ ಮೂವರು ಕಾರ್ಲ್‌ಸನ್ ಸಹೋದರರು ಆಡುತ್ತಿದ್ದರು. ಚಿತ್ರೀಕರಣದ ವೇಳೆಗೆ ಜ್ಯಾಕ್‌ಗೆ ಎಡ್ಮಂಟನ್ ಆಯಿಲರ್ಸ್ ತಂಡದಿಂದ ಕರೆ ಬಂದುದರಿಂದ ಅವರ ಸ್ಥಾನವನ್ನು ಅದೇ ತಂಡದ ಡೇವ್ ಹ್ಯಾನ್ಸನ್ ತುಂಬಿದರು. ಹೀಗಾಗಿ ತೆರೆಯ ಮೇಲಿನ ಮೂವರಲ್ಲಿ ಇಬ್ಬರು ನಿಜವಾದ ಸಹೋದರರು. ಕುಟುಂಬದ ಹೆಸರು ಮಾತ್ರ ಮೂರನೆಯವನದು.

ಕಥಾಸಾರ

ಚಾರ್ಲ್ಸ್‌ಟೌನ್ ಎಂಬ ಕಾಲ್ಪನಿಕ ಪಟ್ಟಣದ ಕಾರ್ಖಾನೆ ಮುಚ್ಚಲಿದೆ, ಹತ್ತು ಸಾವಿರ ಮಂದಿ ಕೆಲಸ ಕಳೆದುಕೊಳ್ಳಲಿದ್ದಾರೆ. ಕಾರ್ಖಾನೆಯ ಜೊತೆಗೆ ಚೀಫ್ಸ್ ಎಂಬ ಹಾಕಿ ತಂಡವೂ ಮುಚ್ಚುವ ಸ್ಥಿತಿಯಲ್ಲಿದೆ. ತಂಡದ ಆಟಗಾರನೂ ತರಬೇತುದಾರನೂ ಆದ ರೆಗ್ಗಿ ಡನ್ಲಪ್ (ನ್ಯೂಮನ್) ಫ್ಲಾರಿಡಾದವರು ತಂಡವನ್ನು ಕೊಳ್ಳಲಿದ್ದಾರೆ ಎಂದು ಸುಳ್ಳು ಸುದ್ದಿ ಹಬ್ಬಿಸುತ್ತಾನೆ. ಇದೇ ಹೊತ್ತಿಗೆ ದಪ್ಪ ಕನ್ನಡಕದ, ಆಟಿಕೆ ಕಾರುಗಳನ್ನು ಹೊತ್ತು ತರುವ ಮೂವರು ಹ್ಯಾನ್ಸನ್ ಸಹೋದರರು ತಂಡ ಸೇರುತ್ತಾರೆ. ಇವರನ್ನು ಅಂಕಣಕ್ಕೆ ಬಿಟ್ಟ ಮೇಲೆ ಪಂದ್ಯಗಳು ಹೊಡೆದಾಟಗಳಾಗುತ್ತವೆ. ಪ್ರೇಕ್ಷಕರು ತುಂಬಿ ತುಳುಕುತ್ತಾರೆ. ಹೊಡೆದಾಡಲು ಒಪ್ಪದವನು ವಿದ್ಯಾವಂತ ಆಟಗಾರ ಬ್ರೇಡನ್ ಒಬ್ಬನೇ. ಕೊನೆಗೆ ಡನ್ಲಪ್ ತಂಡದ ಮಾಲೀಕಳನ್ನು ಕಂಡಾಗ, ತಂಡವನ್ನು ಮಾರಿದರೆ ಲಾಭ ಬರುತ್ತದಾದರೂ ಮುಚ್ಚಿದರೆ ತೆರಿಗೆ ಉಳಿಯುತ್ತದೆಂದು ಆಕೆ ತಣ್ಣಗೆ ಹೇಳುತ್ತಾಳೆ. ಅಂತಿಮ ಪಂದ್ಯವನ್ನು ಹಳೆಯ ಕಾಲದವರಂತೆ ಶುದ್ಧವಾಗಿ ಆಡಲು ತಂಡ ನಿರ್ಧರಿಸುತ್ತದೆ. ಪ್ರೇಕ್ಷಕರ ನಡುವೆ ದೊಡ್ಡ ಲೀಗಿನ ಪ್ರತಿನಿಧಿಗಳು ಕೂತಿದ್ದಾರೆಂದು ತಿಳಿದೊಡನೆ ನಿರ್ಧಾರ ಗಾಳಿಗೆ ಹೋಗುತ್ತದೆ. ಉಳಿದವರು ಹೊಡೆದಾಡುತ್ತಿರುವಾಗ ಬ್ರೇಡನ್ ಸಂಗೀತಕ್ಕೆ ತಕ್ಕಂತೆ ಸ್ಕೇಟ್ ಮಾಡುತ್ತ ಒಂದೊಂದೇ ಉಡುಪು ಕಳಚುತ್ತಾನೆ. ಇದನ್ನು ಸಹಿಸದ ಎದುರಾಳಿ ನಾಯಕ ರೆಫ್ರಿಯನ್ನು ಹೊಡೆದು ಪಂದ್ಯವನ್ನೇ ಕಳೆದುಕೊಳ್ಳುತ್ತಾನೆ. ಚೀಫ್ಸ್ ಹೀಗೆ ಚಾಂಪಿಯನ್ನರಾಗುತ್ತಾರೆ.

ಬಿಡುಗಡೆಯ ಕಾಲದ ಪ್ರತಿಕ್ರಿಯೆ

ಚಿತ್ರ ಬಂದ ಕಾಲವನ್ನು ನೆನಪಿನಲ್ಲಿಡಬೇಕು. ಒರಟಾಟಕ್ಕೆ ಕುಖ್ಯಾತವಾಗಿದ್ದ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ 1974 ಮತ್ತು 1975ರಲ್ಲಿ ಸತತವಾಗಿ ಸ್ಟ್ಯಾನ್ಲಿ ಕಪ್ ಗೆದ್ದಿತ್ತು. ಹಾಕಿ ಆಟ ಬೀದಿಜಗಳವಾಗುತ್ತಿದೆ ಎಂಬ ಆತಂಕ ಅಮೆರಿಕ, ಕೆನಡಾಗಳೆರಡರಲ್ಲೂ ಇತ್ತು. ಆದ್ದರಿಂದ ವಿಮರ್ಶಕರು ಚಿತ್ರಕ್ಕೆ ಕೇಳಿದ ಮೊದಲ ಪ್ರಶ್ನೆ, ಇದು ಹಿಂಸೆಯನ್ನು ಗೇಲಿಮಾಡುತ್ತದೆಯೋ ಅಥವಾ ಮಾರುತ್ತದೆಯೋ ಎಂಬುದು. ನಿರ್ದೇಶಕರು ಅರ್ಧ ಸಮಯ ಪ್ರೇಕ್ಷಕರನ್ನು ಹೊಡೆದಾಟಕ್ಕೆ ಕುಣಿಯಲು ಕರೆದು ಉಳಿದರ್ಧ ಸಮಯ ಅದನ್ನೇ ಖಂಡಿಸುತ್ತಾರೆ ಎಂಬುದು ವೆರೈಟಿ ಪತ್ರಿಕೆಯ ಆಕ್ಷೇಪವಾಗಿತ್ತು. ದ ನ್ಯೂಯಾರ್ಕರ್ ಪತ್ರಿಕೆಯ ಪಾಲಿನ್ ಕೇಲ್ ಚಿತ್ರದ ಬಗ್ಗೆ ಪೂರ್ಣ ಒಲವು ತೋರದಿದ್ದರೂ ನ್ಯೂಮನ್ ಅವರ ಅಭಿನಯವನ್ನು ಅದುವರೆಗಿನ ಅವರ ಶ್ರೇಷ್ಠ ಅಭಿನಯವೆಂದು ಮೆಚ್ಚಿದರು. ಷಿಕಾಗೋದ ವಿಮರ್ಶಕ ಜೀನ್ ಸಿಸ್ಕೆಲ್ ಮೊದಲಿಗೆ ಸಾಧಾರಣ ಚಿತ್ರವೆಂದು ಬರೆದು, ಹಲವು ಬಾರಿ ನೋಡಿದ ಮೇಲೆ ಆ ಅಭಿಪ್ರಾಯಕ್ಕಾಗಿ ವಿಷಾದಿಸಿದರು. ವಿಮರ್ಶಕನೊಬ್ಬ ತಾನು ತಪ್ಪಿದೆನೆಂದು ಬಹಿರಂಗವಾಗಿ ಒಪ್ಪುವುದು ಅಪರೂಪ.

ವೆರೈಟಿಯ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಚಿತ್ರದೊಳಗಿನ ಪ್ರೇಕ್ಷಕರನ್ನು ಅದು ಗಣನೆಗೆ ತೆಗೆದುಕೊಂಡಿಲ್ಲ. ಖಾಲಿ ಬೆಂಚುಗಳ ಮುಂದೆ ಆಡುತ್ತಿದ್ದ ತಂಡಕ್ಕೆ ರಕ್ತ ಹರಿದ ಮೇಲೆ ಅಭಿಮಾನಿ ಸಂಘಗಳು ಹುಟ್ಟುತ್ತವೆ, ಬಸ್ಸುಗಳಲ್ಲಿ ಜನ ಹಿಂಬಾಲಿಸುತ್ತಾರೆ. ಕೆಲಸ ಕಳೆದುಕೊಳ್ಳಲಿರುವ ಊರಿನ ಸಿಟ್ಟಿಗೆ ಅಂಕಣವೊಂದು ಹೊರದಾರಿಯಾಗುತ್ತದೆ. ಹ್ಯಾನ್ಸನ್ನರು ಪ್ರೇಕ್ಷಕರ ಗ್ಯಾಲರಿಗೇ ನುಗ್ಗಿ ಹೊಡೆದು ಬಂಧನಕ್ಕೊಳಗಾಗುವ ದೃಶ್ಯವನ್ನು ನೋಡಿ ಚಿತ್ರಮಂದಿರದಲ್ಲಿ ನಗುವವರೂ ಆ ಗ್ಯಾಲರಿಯವರಿಗಿಂತ ಬೇರೆಯಲ್ಲ. ಈ ಮುಜುಗರವನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ಕೆಲವರು ಅದನ್ನು ದೋಷವೆಂದರು, ಕೆಲವರು ಅದನ್ನೇ ಪ್ರಾಮಾಣಿಕತೆಯೆಂದರು.

ಆಟಗಾರರ ಮೆಚ್ಚುಗೆ

ಚಿತ್ರವನ್ನು ಉಳಿಸಿದವರು ಹಾಕಿ ಆಡುವವರು. ವೀಡಿಯೊ ಕ್ಯಾಸೆಟ್ಟುಗಳು ಬಂದ ಮೇಲೆ ತಂಡಗಳ ದೂರಪ್ರಯಾಣದ ಬಸ್ಸುಗಳಲ್ಲಿ ಇದು ಖಾಯಂ ಚಿತ್ರವಾಯಿತು. ಬಸ್ಸಿನ ಬೇಸರ, ಇಸ್ಪೀಟು, ಹಳೆಯ ಗಾಯಗಳು, ಮನೆಯಲ್ಲಿ ಕಾದು ಬೇಸತ್ತ ಹೆಂಡತಿಯರು, ಇನ್ನೊಂದು ವರ್ಷ ಆಡಬಹುದೆಂಬ ಆಸೆ: ಇವೆಲ್ಲ ತಾವು ಕಂಡದ್ದೇ ಎಂದು ಕೆಳಹಂತದ ಲೀಗುಗಳ ಆಟಗಾರರು ಹೇಳುತ್ತ ಬಂದಿದ್ದಾರೆ. ರಾಷ್ಟ್ರಗೀತೆ ನಡೆಯುತ್ತಿರುವಾಗ ಹ್ಯಾನ್ಸನ್ ಒಬ್ಬನಿಗೆ ರೆಫ್ರಿ ಎಚ್ಚರಿಕೆ ಕೊಡಲು ಬಂದರೆ, ಗೀತೆ ಕೇಳಲು ಬಿಡಯ್ಯಾ ಎಂಬಂತೆ ಅವನು ರೆಫ್ರಿಯನ್ನೇ ಗದರುವ ಪ್ರಸಂಗ ಅವರಿಗೆ ಬಾಯಿಪಾಠ. ಕಪ್ಪು ಚೌಕಟ್ಟಿನ ಕನ್ನಡಕಕ್ಕೆ ಟೇಪು ಸುತ್ತಿ ಹ್ಯಾನ್ಸನ್ನರ ವೇಷ ಹಾಕುವುದು ಪಂದ್ಯಗಳಲ್ಲಿ ಸಾಮಾನ್ಯ ನೋಟ. ಮೂವರು ನಟರೂ ಆಟ ಬಿಟ್ಟ ಬಳಿಕ ಅದೇ ವೇಷದಲ್ಲಿ ಧರ್ಮಾರ್ಥ ಪಂದ್ಯಗಳಲ್ಲಿ ವರ್ಷಾನುಗಟ್ಟಲೆ ಕಾಣಿಸಿಕೊಂಡರು.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಚಿತ್ರದ ಜನಪ್ರಿಯತೆಗೆ ಬೇರೊಂದು ಕಾರಣವಿದೆ. ಹಾಲಿವುಡ್ ಚಿತ್ರಗಳ ಫ್ರೆಂಚ್ ಡಬ್ಬಿಂಗ್ ಸಾಮಾನ್ಯವಾಗಿ ಶಿಷ್ಟ ಫ್ರೆಂಚಿನಲ್ಲಿರುತ್ತಿತ್ತು. ಈ ಚಿತ್ರದ ಡಬ್ಬಿಂಗ್ ಮಾತ್ರ ಜುವಾಲ್ ಎಂಬ ಕ್ವಿಬೆಕ್ಕಿನ ಆಡುನುಡಿಯಲ್ಲಿ, ಅಲ್ಲಿನದೇ ಬೈಗುಳಗಳೊಂದಿಗೆ ಬಂದಿತು. ತಮ್ಮ ಬೀದಿಯ ಮಾತನ್ನು ಪಾಲ್ ನ್ಯೂಮನ್ ಬಾಯಲ್ಲಿ ಕೇಳಿದ ಸಂತೋಷವನ್ನು ಅಲ್ಲಿನವರು ಮರೆತಿಲ್ಲ. ಮೂಲ ಇಂಗ್ಲಿಷಿಗಿಂತ ಈ ಆವೃತ್ತಿಯೇ ಚೆನ್ನ ಎಂದು ವಾದಿಸುವವರೂ ಇದ್ದಾರೆ.

ಸ್ವತಃ ನ್ಯೂಮನ್ ತಮ್ಮ ಅಚ್ಚುಮೆಚ್ಚಿನ ಪಾತ್ರಗಳಲ್ಲಿ ಇದನ್ನು ಎಣಿಸುತ್ತಿದ್ದರು. ಈ ಚಿತ್ರದ ನಂತರ ತಮ್ಮ ನಾಲಗೆ ಕೆಟ್ಟಿತೆಂದೂ ತಮಾಷೆಯಾಗಿ ಒಪ್ಪಿಕೊಂಡಿದ್ದರು. 1998ರಲ್ಲಿ ಮ್ಯಾಕ್ಸಿಮ್ ಪತ್ರಿಕೆ ಇದನ್ನು ಗಂಡಸರ ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಹೆಸರಿಸಿತು. ಬರೆದವರು ಮಹಿಳೆ ಎಂಬುದನ್ನು ನೆನೆದರೆ ಈ ಬಿರುದು ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ.

ಆಕ್ಷೇಪಗಳು

ಚಿತ್ರಕ್ಕೆ ಅಮೆರಿಕದಲ್ಲಿ ಆರ್ ಪ್ರಮಾಣಪತ್ರ ದೊರೆಯಿತು. ಹದಿನೇಳು ವರ್ಷದೊಳಗಿನವರು ಹಿರಿಯರ ಜೊತೆಗಷ್ಟೇ ನೋಡಬಹುದಿತ್ತು. ಬೈಗುಳಗಳ ಕುರಿತ ಆಕ್ಷೇಪ ಕಾಲಕ್ರಮದಲ್ಲಿ ಮಂಕಾಯಿತು. ಇಂದಿನ ಪ್ರೇಕ್ಷಕರಿಗೆ ಹೆಚ್ಚು ಚುಚ್ಚುವುದು ಸಲಿಂಗಿಗಳನ್ನು ಹೀಯಾಳಿಸುವ ಮಾತುಗಳು. ಎದುರಾಳಿ ಗೋಲ್‌ಕೀಪರನ ಹೆಂಡತಿಯ ಖಾಸಗಿ ಬದುಕನ್ನು ಎತ್ತಿ ಆಡಿ ಡನ್ಲಪ್ ಅವನನ್ನು ಕೆರಳಿಸುತ್ತಾನೆ. ತಂಡದ ಮಾಲೀಕಳ ಪುಟ್ಟ ಮಗನ ಬಗ್ಗೆಯೂ ಹೊಲಸು ಮಾತಾಡಿ ಹೊರಡುತ್ತಾನೆ. ಆ ಕಾಲದ ಉಡುಪುಕೋಣೆಯ ಮಾತು ಹಾಗೆಯೇ ಇತ್ತು, ಡನ್ಲಪ್ ಆದರ್ಶ ಪುರುಷನಲ್ಲ ಎಂಬುದು ಒಂದು ಸಮರ್ಥನೆ. ಅದು ಭಾಗಶಃ ಸರಿ. ಆದರೆ ಆ ಮಾತುಗಳು ಪಾತ್ರದ ಸಣ್ಣತನ ತೋರಿಸುವುದಕ್ಕಷ್ಟೇ ಬಂದಿಲ್ಲ, ನಗೆಯುಕ್ಕಿಸುವುದಕ್ಕೂ ಬಂದಿವೆ. ಹಳೆಯ ಅಭಿಮಾನಿಗಳು ಮಕ್ಕಳೊಂದಿಗೆ ಚಿತ್ರ ನೋಡಲು ಕೂತಾಗ ಇರಿಸುಮುರಿಸಾಗುವುದು ಇಲ್ಲಿಯೇ.

ಮಹಿಳಾ ಪಾತ್ರಗಳ ಬಗ್ಗೆ ಅಭಿಪ್ರಾಯಗಳು ಏಕರೂಪವಾಗಿಲ್ಲ. ಲಿಂಡ್ಸೆ ಕ್ರೌಸ್ ಅಭಿನಯದ ಲಿಲಿ ಬ್ರೇಡನ್, ಜೆನಿಫರ್ ವಾರೆನ್ ಅಭಿನಯದ ಫ್ರಾನ್ಸಿನ್ ಡನ್ಲಪ್ ಇಬ್ಬರೂ ಗಂಡಂದಿರ ಆಟದಾಚೆಗೆ ತಮಗೊಂದು ಬದುಕು ಬೇಕೆನ್ನುವವರು. ಡನ್ಲಪ್ ಎಷ್ಟೇ ಓಲೈಸಿದರೂ ಫ್ರಾನ್ಸಿನ್ ಕೊನೆಗೆ ಊರು ಬಿಟ್ಟು ಹೋಗುತ್ತಾಳೆ. ಹಾಸ್ಯಚಿತ್ರಗಳಲ್ಲಿ ಅಂಥ ಮುಕ್ತಾಯ ಹೆಚ್ಚಾಗಿ ಸಿಗುವುದಿಲ್ಲ.

ಜಾನ್ಸ್‌ಟೌನ್ ಮತ್ತು ನಂತರದ ಚಿತ್ರಗಳು

ಜಾನ್ಸ್‌ಟೌನ್ ಉಕ್ಕಿನ ಕಾರ್ಖಾನೆಗಳ ಊರು. ಚಿತ್ರ ತೆರೆಕಂಡ ವರ್ಷವೇ, ಜುಲೈ ತಿಂಗಳಲ್ಲಿ, ಅಲ್ಲಿ ಭೀಕರ ಪ್ರವಾಹ ಬಂದಿತು; ಜೆಟ್ಸ್ ತಂಡವೂ ಅದೇ ವರ್ಷ ಮುಚ್ಚಿತು. ಮುಂದಿನ ವರ್ಷಗಳಲ್ಲಿ ಉಕ್ಕಿನ ಉದ್ಯಮ ಕುಸಿದು ಊರಿನ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಹಾಸ್ಯಕ್ಕೆ ಹಿನ್ನೆಲೆಯಾಗಿದ್ದ ಸಂಗತಿ ಹೀಗೆ ಆ ಊರಿನವರ ಪಾಲಿಗೆ ನಿಜವಾಯಿತು. ಆದರೂ ಊರಿಗೆ ಚಿತ್ರದ ಮೇಲೆ ಮುನಿಸಿಲ್ಲ. 1988ರಲ್ಲಿ ಅಲ್ಲಿ ಹೊಸ ತಂಡ ಹುಟ್ಟಿದಾಗ ಅದಕ್ಕೆ ಚಿತ್ರದ ತಂಡದ ಹೆಸರಾದ ಚೀಫ್ಸ್ ಎಂದೇ ಇಟ್ಟರು. ಹ್ಯಾನ್ಸನ್ನರಲ್ಲಿ ಒಬ್ಬರಾದ ಸ್ಟೀವ್ ಕಾರ್ಲ್‌ಸನ್ ಅದರ ತರಬೇತುದಾರರಾಗಿದ್ದರು. ಆ ತಂಡ 2010ರವರೆಗೆ ಅಲ್ಲಿ ಆಡಿತು.

ಸ್ಲ್ಯಾಪ್ ಶಾಟ್ 2: ಬ್ರೇಕಿಂಗ್ ದ ಐಸ್ (2002) ಮತ್ತು ಸ್ಲ್ಯಾಪ್ ಶಾಟ್ 3: ದ ಜೂನಿಯರ್ ಲೀಗ್ (2008) ಎಂಬ ಎರಡು ಮುಂದುವರಿಕೆಗಳು ಚಿತ್ರಮಂದಿರಗಳಿಗೆ ಬಾರದೆ ನೇರವಾಗಿ ವೀಡಿಯೊ ರೂಪದಲ್ಲಿ ಬಂದವು. ಹ್ಯಾನ್ಸನ್ ಸಹೋದರರು ಎರಡರಲ್ಲೂ ಇದ್ದಾರೆ. ನ್ಯೂಮನ್ ಯಾವುದರಲ್ಲೂ ಇಲ್ಲ. ಮೊದಲ ಚಿತ್ರವನ್ನು ಮೆಚ್ಚಿದವರು ಇವನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ.