ಸೀನರಿ ಪರದೆಯಿಂದ ಎಲ್‌ಇಡಿ ಗೋಡೆಗೆ

ಶಿಂಷಾ ದಡದ ವೈದ್ಯನಾಥಪುರದ ಸುತ್ತ, ಮದ್ದೂರು, ಮಳವಳ್ಳಿ ಕಡೆಯ ಊರುಗಳಲ್ಲಿ ‘ಕುರುಕ್ಷೇತ್ರ’ದ ಗೀಳು ಇನ್ನೂ ಹೋಗಿಲ್ಲ. ಹಗಲು ಗದ್ದೆ ಕೆಲಸ, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು. ಪಾತ್ರಕ್ಕೆ ದುಡ್ಡೂ ಕೈಯಿಂದಲೇ. ಈಗೀಗ ಆ ಸ್ಟೇಜಿಗೆ ಬಣ್ಣದ ಸೀನರಿ ಬದಲು ಎಲ್‌ಇಡಿ ಪರದೆ ಬರುತ್ತಿದೆ. ಸಾಮಾನು ಹೊಸದು, ಯುಕ್ತಿ ಹಳೆಯದು.

ಮೊದಲು ತೊಗಲುಗೊಂಬೆಯಾಟ ನೋಡಿ. ಶಿಳ್ಳೇಕ್ಯಾತ ಸಮುದಾಯದ ಕಲಾವಿದರು ಬಿಳಿ ಪರದೆಯ ಹಿಂದೆ ದೀಪ ಇಟ್ಟು, ಹದ ಮಾಡಿ ಬಣ್ಣ ಹಾಕಿದ ತೊಗಲನ್ನು ಪರದೆಗೆ ಒತ್ತಿ ಹಿಡಿಯುತ್ತಿದ್ದರು. ಬೆಳಕು ತೊಗಲನ್ನು ಹಾದು ಬರುವುದರಿಂದ ನೆರಳಿಗೂ ಬಣ್ಣ. ಹಲವು ಗೊಂಬೆ ಸೇರಿ ಒಂದೇ ಚಿತ್ರ. ಅದನ್ನು ಆಡಿಸುವವರೇ ಹಾಡುವವರು.

ಆಮೇಲೆ ಕಂಪನಿ ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಗುಬ್ಬಿ ವೀರಣ್ಣನವರು ದೊಡ್ಡದಾಗಿ ಬೆಳೆಸಿದರು. ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆ ಇದ್ದವು. ಕಂಪನಿಗಳಲ್ಲಿ ಪರದೆಗಳು ಒಂದರ ಹಿಂದೊಂದು ಇರುತ್ತಿದ್ದವು. ಬೀದಿ ಪರದೆಯ ಮುಂದೆ ಹಾಸ್ಯದವರು ಜನರನ್ನು ನಗಿಸುವಷ್ಟರಲ್ಲಿ ಹಿಂದೆ ಆಸ್ಥಾನ ತಯಾರು. ಪರದೆ ಮೇಲೆದ್ದರೆ ದುರ್ಯೋಧನ ಸಿಂಹಾಸನದ ಮೇಲೆ ಕೂತಿರುತ್ತಿದ್ದ.

ಇವತ್ತಿನ ಆಪರೇಟರ್ ಮಾಡುವುದೂ ಇದನ್ನೇ. ಅವನ ಮುಂದೆ ಎರಡು ಚಿತ್ರ: ಒಂದು ಜನ ನೋಡುತ್ತಿರುವುದು, ಇನ್ನೊಂದು ಮುಂದೆ ಬರಬೇಕಾದದ್ದು. ಅರಮನೆ ಒಂದು ಪದರ, ಕ್ಯಾಮೆರಾದ ಚಿತ್ರ ಅದರ ಮೇಲೆ, ಹೆಸರಿನ ಪಟ್ಟಿ ಇನ್ನೂ ಮೇಲೆ. ವಿಡಿಯೊ ಪ್ರೊಸೆಸರ್ ಎಲ್ಲವನ್ನೂ ಕೂಡಿಸಿ, ತುಂಡು ಮಾಡಿ, ಒಂದೊಂದು ಪ್ಯಾನೆಲ್ಲಿಗೆ ಅದರ ಪಾಲು ಕಳಿಸುತ್ತದೆ. ಚುಕ್ಕಿಗಳ ನಡುವೆ 3.91 ಮಿ.ಮೀ. ಇದ್ದರೆ ಅರ್ಧ ಮೀಟರ್ ಅಗಲದ ಪ್ಯಾನೆಲ್ಲಿನ ಒಂದು ಸಾಲಿಗೆ 128 ಚುಕ್ಕಿ.

ವ್ಯತ್ಯಾಸ ಇರುವುದು ಬೆಳಕಿನಲ್ಲಿ. 1902ರಲ್ಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಹಳ್ಳಿ ನಾಟಕ ಮಾತ್ರ ಆಮೇಲೂ ಬಹುಕಾಲ ಗ್ಯಾಸ್‌ಲೈಟಿನಲ್ಲೇ ನಡೆಯಿತು. ಆ ಬೆಳಕು ಮೊದಲು ಪಾತ್ರಧಾರಿಯ ಮುಖಕ್ಕೆ ಬೀಳುತ್ತಿತ್ತು, ಸೀನರಿ ಹಿಂದೆ ಮಂಕಾಗಿ ಉಳಿಯುತ್ತಿತ್ತು. ಎಲ್‌ಇಡಿ ತಾನೇ ಬೆಳಕು. ಪೂರ್ತಿ ಉರಿಸಿದರೆ ಮುಂದೆ ನಿಂತ ಭೀಮನ ಮುಖ ಕಪ್ಪಾಗುತ್ತದೆ. ಸಾಲದ್ದಕ್ಕೆ ಶುಭ ಕೋರುವವರ ಫೋಟೊ ಇನ್ನೊಂದು ಪದರವಾಗಿ ಬಂದು ಕೂತರೆ, ತಿಂಗಳುಗಟ್ಟಲೆ ಕಂದ ಪದ್ಯ ಕಲಿತವನು ತನ್ನ ನಾಟಕದಲ್ಲೇ ಕಾಣುವುದಿಲ್ಲ.

ಎಲ್‌ಇಡಿ ಬೇಡ ಎನ್ನುವುದು ನಮ್ಮ ಮಾತಲ್ಲ. ಬಾಡಿಗೆ ಮಾತಾಡುವಾಗಲೇ ಮೂರು ವಿಷಯ ಹೇಳಿಬಿಡಿ: ಪರದೆಯ ಬೆಳಕು ತಗ್ಗಿಸಬೇಕು, ಮುಂದಿನಿಂದ ಮುಖಕ್ಕೆ ಲೈಟು ಇರಬೇಕು, ದೃಶ್ಯ ನಡೆಯುವಾಗ ಜಾಹೀರಾತು ಬೇಡ. ಹಾಗೆಯೇ ನಿಮ್ಮೂರಲ್ಲಿ ಹಳೇ ಸೀನರಿ ಸುತ್ತಿಟ್ಟಿದ್ದರೆ ಒಮ್ಮೆ ಬಿಚ್ಚಿ ಫೋಟೊ ತೆಗೆದಿಡಿ. ಬರೆದವರು ಯಾರೆಂದು ಊರಿನ ಹಿರಿಯರನ್ನು ಈಗಲೇ ಕೇಳಿ ಬರೆದುಕೊಳ್ಳಿ. ಅರಮನೆ ಬರೆದವರ ಹೆಸರು ಯಾವ ಕರಪತ್ರದಲ್ಲೂ ಸುಲಭಕ್ಕೆ ಸಿಗುವುದಿಲ್ಲ.