ಅಟ್ಟ ತುಂಬಿತ್ತು, ಅಂಗಳದಲ್ಲಿ ಏನೂ ಇರಲಿಲ್ಲ

2022ರ ಜೂನ್ 25, ಶನಿವಾರ. ಬೆಳಿಗ್ಗೆ ಒಂಬತ್ತು ದಾಟಿತ್ತಷ್ಟೇ. ಗುತ್ತಿಗಾರು, ಸಂಪಾಜೆ, ಉಬರಡ್ಕ ಕಡೆ ನೆಲದಡಿಯಿಂದ ಗುಡುಗಿದ ಹಾಗೆ ಸದ್ದು ಬಂತು, ಪಾತ್ರೆಗಳು ಅಲುಗಿದವು. ಕೇಂದ್ರ ಕೊಡಗಿನ ಕರಿಕೆ ಬಳಿ, ತೀವ್ರತೆ 2.3. ಮೂರು ದಿನ ಬಿಟ್ಟು, 28ರ ಬೆಳಿಗ್ಗೆ 7.45ಕ್ಕೆ ಇನ್ನೂ ಜೋರಾಗಿ, ಸುಮಾರು 3ರಷ್ಟು. ಅದೇ ಸಂಜೆ ಮತ್ತೊಮ್ಮೆ. ಜುಲೈ 1ರಂದು ನಡುರಾತ್ರಿ ಕಳೆದ ಮೇಲೆ ಇನ್ನೊಮ್ಮೆ. ಜನ ಮನೆಯಿಂದ ಹೊರಗೆ ಓಡಿ ಬಂದರು.

7.45 ಅಂದರೆ ನಮ್ಮಲ್ಲಿ ದೋಸೆ ಕಾವಲಿ ಒಲೆ ಮೇಲಿರುವ ಹೊತ್ತು. ಅಂಗಳಕ್ಕೇನೋ ಇಳಿದಾಯಿತು. ಒಳಗಿನ ಗ್ಯಾಸ್ ಆರಿಸುವವರು ಯಾರು? ಮಕ್ಕಳಿಗೆ ತಿನ್ನಲು ಏನು ಕೊಡುವುದು?

ಹಾಗಂತ ನಮ್ಮದು ಕಷ್ಟಕಾಲಕ್ಕೆ ಕೂಡಿಡಲು ಗೊತ್ತಿಲ್ಲದ ಊರಲ್ಲ. ಹೊಳೆ ತುಂಬಿ ಪೇಟೆಗೆ ದಾರಿ ಇಲ್ಲದ ದಿನಗಳಿಗೆಂದೇ ನಮ್ಮ ಅಜ್ಜಿಯಂದಿರು ಬೇಸಗೆಯಲ್ಲಿ ಅಟ್ಟ ತುಂಬಿಸುತ್ತಿದ್ದರು. ಹಲಸಿನ ಹಪ್ಪಳ, ಬೇಳೆ, ಉಪ್ಪಿಗೆ ಹಾಕಿದ ಸೊಳೆ, ಮಿಡಿ ಮಾವು, ಒಣಗಿಸಿದ ಪುನರ್ಪುಳಿ, ಹುರುಳಿ, ಕುಚ್ಚಲಕ್ಕಿ. ಆಟಿ ತಿಂಗಳಲ್ಲಿ ಗುಡ್ಡದಿಂದ ತಗತೆ ಸೊಪ್ಪು, ಕೆಸು, ಕಣಿಲೆ ಬರುತ್ತಿತ್ತು. ಇಲ್ಲದ್ದರಲ್ಲಿ ಅಡುಗೆ ಮಾಡುವುದು ಈ ಊರಿಗೆ ಹೊಸತಲ್ಲ.

ಆದರೆ ಅದೆಲ್ಲ ಮಳೆಗಾಗಿ ಮಾಡಿದ ಸಿದ್ಧತೆ. ಮಳೆ ನಮ್ಮನ್ನು ಮನೆಯೊಳಗೆ ಕೂರಿಸುತ್ತದೆ, ಭೂಕಂಪ ಹೊರಗೆ ಓಡಿಸುತ್ತದೆ. ಅಟ್ಟ ಇರುವುದು ಹಂಚಿನ ಮಾಡಿನ ಅಡಿಯಲ್ಲಿ, ನಡುಗಿದಾಗ ಯಾರೂ ಕಾಲಿಡಬಾರದ ಜಾಗದಲ್ಲಿ. ಉಪ್ಪು ಸೊಳೆಯನ್ನೇ ನೋಡಿ: ಉಪ್ಪು ಬಿಡಲು ನೆನೆಸಿ ಹಿಂಡಬೇಕು, ಬೇಯಿಸಬೇಕು, ತೆಂಗಿನಕಾಯಿ ಅರೆದು ಹಾಕಬೇಕು. ಮೊದಲ ಗಂಟೆಯ ಹಸಿವಿಗೆ ಅದು ಒದಗುವುದಿಲ್ಲ. ಅರೆಯುವ ಕಲ್ಲು ಮೂಲೆ ಸೇರಿದೆ, ಕರೆಂಟು ಹೋದರೆ ಮಿಕ್ಸಿಯೂ ಇಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದಾಗ ಕಲ್ಲು ಮಣ್ಣಿನ ಮನೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ಸತ್ತವರು ಹತ್ತಿರ ಹತ್ತಿರ 10,000. ನಮ್ಮಲ್ಲಿ ಆದದ್ದು ಅದರ ಮುಂದೆ ಏನೂ ಅಲ್ಲ. ಆದರೂ 2022ರಲ್ಲಿದ್ದ ಭೂಕಂಪ ನಕ್ಷೆಯಲ್ಲಿ ದಕ್ಷಿಣ ಕನ್ನಡ ಇದ್ದದ್ದು 3ನೇ ವಲಯದಲ್ಲಿ, ಅಂದರೆ ಮಧ್ಯಮ ಅಪಾಯದ ಜಾಗ.

ಹಾಗಾದರೆ ಮಾಡಬೇಕಾದ್ದೇನು? ಹೆಚ್ಚೇನಿಲ್ಲ. ಮುಚ್ಚಳ ಗಟ್ಟಿಯಿರುವ ಒಂದು ಡಬ್ಬಿಯಲ್ಲಿ ಅವಲಕ್ಕಿ, ಬೆಲ್ಲ, ಉಪ್ಪು, ಬೆಂಕಿಪೆಟ್ಟಿಗೆ, ಟಾರ್ಚ್. ಜೊತೆಗೆ ಒಂದು ಕ್ಯಾನ್ ನೀರು. ಇಡುವುದು ಅಡುಗೆಮನೆಯಲ್ಲಲ್ಲ, ಅಂಗಳದ ಅಡಿಕೆ ಒಣಗಿಸುವ ಗೂಡಿನಲ್ಲಿ. ಅದರ ಮಾಡು ಬರೀ ಪ್ಲಾಸ್ಟಿಕ್, ತಲೆ ಮೇಲೆ ಬಿದ್ದರೂ ಜೀವ ಹೋಗದು. ಜೂನ್ ಮಳೆಯಲ್ಲಿ ಅಜ್ಜಿ, ಮಕ್ಕಳು ಅಲ್ಲೇ ಕೂತು ಅವಲಕ್ಕಿ ಬೆಲ್ಲ ತಿನ್ನಬಹುದು. ಬೆಂಕಿ ಮಾತ್ರ ಅದರ ಹತ್ತಿರ ಬೇಡ. ಮಳೆ ಬಿಟ್ಟಾಗ ಜಂಬ್ರದ ದಿನದ ಹಾಗೆ ಅಂಗಳದಲ್ಲಿ ಮೂರು ಕಲ್ಲು ಹೂಡಿದರೆ ಗಂಜಿಯೂ ಆಗುತ್ತದೆ. ಒಳಗೆ ಹೋದಾಗ ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಲೈಟಿನ ಸ್ವಿಚ್ಚೂ ಮುಟ್ಟಬೇಡಿ.

ಅಜ್ಜಿ ಅಟ್ಟ ತುಂಬಿಸಿದ್ದು ತಾನು ಕಂಡ ಮಳೆಗೆ. ನಾವು ನೆಲ ನಡುಗಿದ್ದನ್ನೂ ಕಂಡಿದ್ದೇವೆ. ಈ ಸಲ ಹಪ್ಪಳ ಒಣಗಿಸುವಾಗ ಆ ಡಬ್ಬಿಯನ್ನೂ ತುಂಬಿಸಿಡೋಣ.