1937ರ ರೋವರ್ಸ್ ಕಪ್ ಮತ್ತು ಬೆಂಗಳೂರಿನ ತಂಡ

ಭಾರತದ ಫುಟ್ಬಾಲ್ ಇತಿಹಾಸವೆಂದರೆ ಶಾಲಾ ಕ್ವಿಜ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ: 1911ರಲ್ಲಿ ಐ.ಎಫ್.ಎ. ಶೀಲ್ಡ್ ಗೆದ್ದ ತಂಡ ಯಾವುದು? ಮೋಹನ್ ಬಗಾನ್ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಯಾವುದೆಂದು ಕೇಳಿ ನೋಡಿ, ಇಡೀ ತರಗತಿ ಮೌನ! ಉತ್ತರ: ಬೆಂಗಳೂರು ಮುಸ್ಲಿಮ್ಸ್, 1937.

ಫುಟ್ಬಾಲ್ ಎಂದರೆ ಮಲಯಾಳಿಗಳದ್ದು, ಬಂಗಾಳಿಗಳದ್ದು. ಕನ್ನಡದವರಿಗೆ ಕ್ರಿಕೆಟ್ ಎಂಬ ಮಾತು ನಮ್ಮ ಕಾಸರಗೋಡಿನಲ್ಲಿ ಕೇಳಿಬರುವುದುಂಟು. ತೃಕ್ಕರಿಪುರದಂತಹ ಫುಟ್ಬಾಲ್ ಊರು ಪಕ್ಕದಲ್ಲೇ ಇರುವಾಗ ಹಾಗೆನಿಸುವುದು ಸಹಜ. ಆದ್ದರಿಂದಲೇ ಈ ಕಥೆ ಹೇಳಬೇಕೆನಿಸಿತು.

ರೋವರ್ಸ್ ಕಪ್ 1891ರಲ್ಲಿ ಬೊಂಬಾಯಿಯಲ್ಲಿ ಶುರುವಾಯಿತು. ಮೊದಲ ಸಲ ಗೆದ್ದದ್ದು ವೂಸ್ಟರ್‌ಶೈರ್ ರೆಜಿಮೆಂಟ್. ಮುಂದೆಯೂ ಕಪ್ಪು ಹೋದದ್ದು ಬ್ರಿಟಿಷ್ ಪಲ್ಟನ್‌ಗಳಿಗೇ. 1923ರಲ್ಲಿ ಮೋಹನ್ ಬಗಾನ್ ಫೈನಲ್ ತನಕ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ಇದನ್ನು ಅಂತಾರಾಷ್ಟ್ರೀಯ ಪಂದ್ಯಾಟವೆಂದು ಯಾರೂ ಕರೆಯಲಿಲ್ಲ, ನಿಜ. ಆದರೆ 1930ರಲ್ಲಿ ಆರಂಭವಾದ ವಿಶ್ವಕಪ್‌ನಲ್ಲಾಗಲಿ, 1936ರ ಬರ್ಲಿನ್ ಒಲಿಂಪಿಕ್ಸ್‌ನ ಹವ್ಯಾಸಿ ಫುಟ್ಬಾಲಿನಲ್ಲಾಗಲಿ ಭಾರತ ಇರಲಿಲ್ಲ. ಪರದೇಶದವರ ಎದುರು ಆಡಿ ನೋಡಲು ನಮ್ಮವರಿಗೆ ಹೆಚ್ಚಾಗಿ ಇದ್ದದ್ದು ಬೊಂಬಾಯಿ, ಕಲ್ಕತ್ತಾ, ಸಿಮ್ಲಾದ ಇಂತಹ ಪಂದ್ಯಾಟಗಳು.

ಬೆಂಗಳೂರಿನಲ್ಲಿ ಈ ಆಟ ಬೇರೂರಿದ್ದು ದಂಡಿನ ಪ್ರದೇಶದಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. ಆಗ ನಮ್ಮ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಬೆಂಗಳೂರು ಪೇಟೆ ಮೈಸೂರು ಮಹಾರಾಜರದ್ದು. ಕಂಟೋನ್ಮೆಂಟ್ ನೇರವಾಗಿ ಬ್ರಿಟಿಷರ ಕೈಯಲ್ಲಿ, 1947ರ ತನಕ. ಅಲ್ಲಿ ಕನ್ನಡಕ್ಕಿಂತ ಉರ್ದು, ತಮಿಳು, ಇಂಗ್ಲಿಷ್ ಹೆಚ್ಚು ಕೇಳುತ್ತಿತ್ತು. (ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡಿ ನಮ್ಮ ಶಾಲೆಗೆ ಬರುವ ಮಕ್ಕಳಿಗೆ ಇದೇನೂ ವಿಚಿತ್ರವಲ್ಲ.) ತಂಡದ ಹೆಸರಿನಲ್ಲಿ ಮತ ಇದೆಯಲ್ಲಾ ಎಂದರೆ ಅದು ಆ ಕಾಲದ ರೂಢಿ. ಬೊಂಬಾಯಿಯ ಕ್ರಿಕೆಟ್ ಪಂದ್ಯಾಟದಲ್ಲೂ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದೇ ತಂಡಗಳಿದ್ದವು.

1937ರ ಫೈನಲ್‌ನಲ್ಲಿ ಎದುರಾಳಿ ಬಿಳಿಯರಲ್ಲ, ಕಲ್ಕತ್ತಾದ ಮಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಕಲ್ಕತ್ತಾ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಬಲಿಷ್ಠ ತಂಡ. ಬೆಂಗಳೂರು 1-0ರಿಂದ ಗೆದ್ದಿತು. ಬರಿಗಾಲಿನವರು ಬೂಟಿನ ಬಿಳಿಯರನ್ನು ಸೋಲಿಸಿದರೆಂಬ 1911ರ ಕಥೆಗಿರುವ ರಂಗು ಇದಕ್ಕಿಲ್ಲ. ಜನರ ನೆನಪಿನಿಂದ ಇದು ಜಾರಿದ್ದು ಅದಕ್ಕೇ ಇರಬೇಕೆಂದು ನಮ್ಮ ಅನಿಸಿಕೆ. ಆದರೆ 46 ವರ್ಷ ಪಲ್ಟನ್‌ಗಳೇ ಆಳಿದ ಪಂದ್ಯಾಟದ ಫೈನಲ್‌ನಲ್ಲಿ ಒಂದು ಪಲ್ಟನೂ ಉಳಿಯದೆ ಹೋದದ್ದು ಸಣ್ಣ ಮಾತೇ? ಮರುವರ್ಷ ಬೆಂಗಳೂರಿನವರು ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟ್ಲೆಂಡಿನ ಪಲ್ಟನನ್ನೇ ಸೋಲಿಸಿ ಕಪ್ಪನ್ನು ಉಳಿಸಿಕೊಂಡರು. 1940ರಲ್ಲಿ ಮಹಮ್ಮಡನ್ ಸ್ಪೋರ್ಟಿಂಗ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಮೋಹನ್ ಬಗಾನ್ ತಂಡವನ್ನು ಮಣಿಸಿ ಬೆಂಗಳೂರು ಮತ್ತೆ ಗೆದ್ದಿತು.

ಅದೇ 1948ರಲ್ಲಿ ಭಾರತ ಲಂಡನ್ ಒಲಿಂಪಿಕ್ಸ್‌ಗೆ ಹೋಯಿತು. ಫ್ರಾನ್ಸ್ ಎದುರು 1-2ರಿಂದ ಸೋತಿತು, ಅದೂ ಎರಡು ಪೆನಾಲ್ಟಿ ಕೈಬಿಟ್ಟು! ಆ ಪಂದ್ಯದಲ್ಲಿ ಬರಿಗಾಲಲ್ಲಿ ಆಡಿದವರಲ್ಲಿ ಒಬ್ಬರು ಬೆಂಗಳೂರಿನ ಅಹಮದ್ ಖಾನ್. ಬೆಂಗಳೂರು ಮುಸ್ಲಿಮ್ಸ್‌ನಲ್ಲಿ ಆಡಿ ಬೆಳೆದವರು. ಆಮೇಲೆ ಅವರನ್ನು ಕಲ್ಕತ್ತಾದ ಈಸ್ಟ್ ಬೆಂಗಾಲ್ ಕರೆದೊಯ್ದಿತು.